ಬ್ಯಾಕಪ್‌ಗೆ ಯಾವ ಡಿಸ್ಕ್: ಒಮ್ಮೆ ಬರೆಯುವುದೋ, ಅಳಿಸಿ ಬರೆಯುವುದೋ?

ಬ್ಯಾಕಪ್‌ಗೆಂದು ಸಿಡಿ, ಡಿವಿಡಿ ಅಥವಾ ಬ್ಲೂ-ರೇ ಡಿಸ್ಕ್ ಕೊಳ್ಳುವ ಮುನ್ನ ಅದರಲ್ಲಿ ಎಷ್ಟು ಹಿಡಿಯುತ್ತದೆ ಎಂದು ನೋಡುವುದಕ್ಕಿಂತ, ಬರೆದಿಟ್ಟ ಪ್ರತಿ ಎಷ್ಟು ಕಾಲ ಉಳಿಯಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳುವುದು ಒಳ್ಳೆಯದು. ಹೆಸರಿನ ಕೊನೆಯಲ್ಲಿ ‘ಆರ್’ ಎಂದಿದ್ದರೆ ಆ ಡಿಸ್ಕಿನಲ್ಲಿ ಬರೆದದ್ದನ್ನು ಅಳಿಸಲಾಗದು. ‘ಆರ್‌ಡಬ್ಲ್ಯೂ’ ಎಂದಿದ್ದರೆ, ಬ್ಲೂ-ರೇಯಲ್ಲಾದರೆ ‘ಆರ್‌ಇ’ ಎಂದಿದ್ದರೆ, ಅಳಿಸಿ ಮತ್ತೆ ಬರೆಯಬಹುದು. ಅಳಿಸಬಹುದಾದದ್ದೇ ಹೆಚ್ಚು ಲಾಭದ್ದೆಂದು ತೋರುವುದು ಸಹಜ. ಆದರೆ ವರ್ಷಗಟ್ಟಲೆ ಇಡಬೇಕಾದ ಫೋಟೊ ಮತ್ತು ದಾಖಲೆಗಳಿಗೆ ನಾನು ಒಮ್ಮೆ ಬರೆಯುವ ಡಿಸ್ಕನ್ನೇ ಆರಿಸುತ್ತೇನೆ.

ಕಾರಣ ಎರಡರ ಒಳಗಿನ ಪದರದಲ್ಲೇ ಇದೆ. ಸಿಡಿ-ಆರ್ ಮತ್ತು ಡಿವಿಡಿ-ಆರ್‌ಗಳಲ್ಲಿ ಲೇಸರಿನ ಶಾಖವು ಬಣ್ಣದ ಪದರವೊಂದನ್ನು ಶಾಶ್ವತವಾಗಿ ಬದಲಿಸುತ್ತದೆ. ಆರ್‌ಡಬ್ಲ್ಯೂ ಡಿಸ್ಕಿನಲ್ಲಿರುವುದು ಮಿಶ್ರಲೋಹದ ಪದರ. ಲೇಸರ್ ಅದನ್ನು ಕರಗಿಸಿದೊಡನೆ ಥಟ್ಟನೆ ತಣಿದರೆ ಆ ಜಾಗ ಸ್ಫಟಿಕ ರೂಪವನ್ನು ಕಳೆದುಕೊಳ್ಳುತ್ತದೆ, ಹದವಾಗಿ ಕಾಯಿಸಿದರೆ ಮರಳಿ ಸ್ಫಟಿಕವಾಗುತ್ತದೆ. ಇದು ಬೆಳಕನ್ನು ಪ್ರತಿಫಲಿಸುವುದು ಕಡಿಮೆಯಾದ್ದರಿಂದ ಕೆಲವು ಹಳೆಯ ಡ್ರೈವ್‌ಗಳು ಇದನ್ನು ಓದುವುದೇ ಇಲ್ಲ. ಸುಮಾರು 1000 ಬಾರಿ ಬರೆಯಬಹುದೆಂಬ ಲೆಕ್ಕವಿದ್ದರೂ ಆ ಸಂಖ್ಯೆಯನ್ನು ಮುಟ್ಟುವವರು ವಿರಳ. ಅದಕ್ಕಿಂತ ಬಹಳ ಮುಂಚೆಯೇ ಯಾರೋ ಖಾಲಿ ಡಿಸ್ಕೆಂದು ತಿಳಿದು ಅಳಿಸಿಬಿಟ್ಟಿರುತ್ತಾರೆ. ವಾರವಾರವೂ ಬದಲಾಗುವ ಕಡತಗಳಿಗೆ ಮಾತ್ರ ಆರ್‌ಡಬ್ಲ್ಯೂ ಸರಿಹೊಂದುತ್ತದೆ, ಅದೂ ಎರಡು ಡಿಸ್ಕುಗಳನ್ನು ಸರದಿಯಲ್ಲಿ ಬಳಸಿದರೆ: ಹೊಸ ಪ್ರತಿ ಬರೆಯುವಾಗ ಏನಾದರೂ ಕೆಟ್ಟರೂ ಹಿಂದಿನ ವಾರದ್ದು ಕೈಯಲ್ಲಿರುತ್ತದೆ.

ಗಾತ್ರದ ವಿಷಯ ಸರಳ. ಸಿಡಿಯಲ್ಲಿ 700 ಎಂಬಿ, ಒಂದೇ ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ, ಬ್ಲೂ-ರೇಯಲ್ಲಿ 25 ಅಥವಾ 50 ಜಿಬಿ ಹಿಡಿಯುತ್ತವೆ. 4.7 ಎಂದು ಮುದ್ರಿಸಿದ ಡಿಸ್ಕನ್ನು ಕಂಪ್ಯೂಟರ್ 4.38 ಎಂದು ತೋರಿಸಿದರೆ ಮೋಸವಾಯಿತೆಂದು ಭಾವಿಸಬೇಕಿಲ್ಲ; ತಯಾರಕರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸಿರುತ್ತದೆ. ಡಿವಿಡಿ ಹೆಸರಿನಲ್ಲಿರುವ ಪ್ಲಸ್ ಮತ್ತು ಮೈನಸ್ ಗುರುತುಗಳು ಬೇರೆ ಬೇರೆ ಪದ್ಧತಿಗಳನ್ನು ಸೂಚಿಸುತ್ತವೆ, ಈಚಿನ ಡ್ರೈವ್‌ಗಳು ಸಾಮಾನ್ಯವಾಗಿ ಎರಡನ್ನೂ ಬರೆಯುತ್ತವೆ.

ಗೀರು ಬೀಳಬಾರದೆಂದು ಎಲ್ಲರೂ ಹೊಳೆಯುವ ಬದಿಯನ್ನು ಕಾಯುತ್ತಾರೆ. ಸಿಡಿಯಲ್ಲಿ ನಿಜಕ್ಕೂ ನಾಜೂಕಾದದ್ದು ಹೆಸರು ಬರೆಯುವ ಮೇಲ್ಬದಿ, ಏಕೆಂದರೆ ಮಾಹಿತಿಯ ಪದರ ಅಲ್ಲಿನ ತೆಳು ಲೇಪದ ಕೆಳಗೇ ಇರುತ್ತದೆ. ಬಾಲ್‌ಪೆನ್ನಿನ ಒತ್ತಡವೂ ಅದನ್ನು ಹಾಳುಮಾಡಬಲ್ಲದು. ಡಿವಿಡಿಯಲ್ಲಿ ಆ ಪದರ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಸುರಕ್ಷಿತವಾಗಿರುತ್ತದೆ. ಬ್ಲೂ-ರೇಯಲ್ಲಿ ಅದು ಓದುವ ಬದಿಗೆ ಬರೀ 0.1 ಮಿಲಿಮೀಟರ್ ಒಳಗಿರುವುದರಿಂದಲೇ ಮೇಲೆ ಗಟ್ಟಿ ಲೇಪ ಹಾಕಿರುತ್ತಾರೆ. ಹೆಸರು ಬರೆಯಲು ನೀರಿನ ಶಾಯಿಯ ಮೆತ್ತನೆಯ ಮಾರ್ಕರ್ ಸಾಕು, ಅಂಟಿನ ಲೇಬಲ್ ಬೇಡವೇ ಬೇಡ.

ಬರೆಯುವಾಗ ಅತಿ ಹೆಚ್ಚಿನ ವೇಗವನ್ನು ಆರಿಸದೆ ಮಧ್ಯಮ ವೇಗ ಇಟ್ಟುಕೊಳ್ಳಿ. ಬರೆದದ್ದನ್ನು ಮೂಲದೊಡನೆ ಹೋಲಿಸಿ ನೋಡುವ ‘ವೆರಿಫೈ’ ಆಯ್ಕೆಯನ್ನು, ಎಷ್ಟೇ ಹೊತ್ತು ಹಿಡಿದರೂ, ಬಿಡಬೇಡಿ. ಆಮೇಲೆ ಡಿಸ್ಕನ್ನು ಬಿಸಿಲು, ತೇವ ತಾಗದ ಕತ್ತಲ ಜಾಗದಲ್ಲಿ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿಡಿ. ವರ್ಷಕ್ಕೊಮ್ಮೆಯಾದರೂ ಅದನ್ನು ಬೇರೊಂದು ಡ್ರೈವ್‌ನಲ್ಲಿ ಓದಿಸಿ ನೋಡಿ. ಡ್ರೈವ್ ತಡವರಿಸತೊಡಗಿದರೆ, ಕಡತಗಳು ಇನ್ನೂ ತೆರೆಯುತ್ತಿರುವಾಗಲೇ ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳಿ.