ಪ್ರಾಥಮಿಕ ಶಾಲೆಯ ಮಕ್ಕಳೊಂದಿಗೆ ಸಾಹಸ ಶಿಬಿರದಲ್ಲಿ ಎರಡು ರಾತ್ರಿ: ನನ್ನ ಅನುಭವ

ನಾಲ್ಕು ಮತ್ತು ಐದನೇ ತರಗತಿಯ 40 ಮಕ್ಕಳು, 6 ಮಂದಿ ದೊಡ್ಡವರು, ಎರಡು ರಾತ್ರಿ. ನಾನು ಕರೆದುಕೊಂಡು ಹೋಗುವ ಶಿಬಿರದ ಅಳತೆ ಇಷ್ಟು. ಮೊದಲ ದಿನ ಬೆಳಗ್ಗೆ 8ಕ್ಕೆ ಬಸ್ಸು ಹತ್ತಿದರೆ ಮೂರನೇ ದಿನ ಮಧ್ಯಾಹ್ನ 2ಕ್ಕೆ ಇಳಿಯುವಾಗ 54 ಗಂಟೆ ಆಗಿರುತ್ತದೆ. ಅದರಲ್ಲಿ ಗೋಡೆ ಹತ್ತುವುದು, ಹಗ್ಗದ ಸೇತುವೆ, ದೋಣಿ, ನಕ್ಷೆ ಹಿಡಿದು ನಡೆಯುವುದು ಎಲ್ಲ ಸೇರಿ ಒಂದೂವರೆ ಗಂಟೆಯ ಏಳು ಅವಧಿ, ಅಂದರೆ ಹತ್ತೂವರೆ ಗಂಟೆ. ಅಷ್ಟು ಹೊತ್ತು ಮಕ್ಕಳು ಕೇಂದ್ರದ ತರಬೇತುದಾರರ ಕೈಯಲ್ಲಿರುತ್ತಾರೆ. ಉಳಿದ ನಲವತ್ತಮೂರೂವರೆ ಗಂಟೆ ನಮ್ಮ ಕೈಯಲ್ಲಿ. ಹೊಸದಾಗಿ ಹೊರಡುವ ಶಿಕ್ಷಕರು ಹಗ್ಗದ ಬಗ್ಗೆ ಚಿಂತೆ ಮಾಡುತ್ತಾರೆ. ನಾನು ತಯಾರಿಯ ಮುಕ್ಕಾಲು ಪಾಲನ್ನು ಹಗ್ಗದಿಂದ ಇಳಿದ ಮೇಲಿನ ಹೊತ್ತಿಗೆ ಇಡುತ್ತೇನೆ.

ಮಕ್ಕಳಿಲ್ಲದೆ ಒಮ್ಮೆ ಜಾಗ ನೋಡಿ ಬರುವುದನ್ನು ಬಿಡುವ ಹಾಗೇ ಇಲ್ಲ. ಗೋಡೆ ಎಷ್ಟು ಎತ್ತರ ಎಂಬುದನ್ನು ಫೋನಿನಲ್ಲೂ ಕೇಳಬಹುದು. ಮಲಗುವ ಕೋಣೆಯಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ಆ ದಾರಿಯಲ್ಲಿ ರಾತ್ರಿ ದೀಪ ಇರುತ್ತದೆಯೇ, ಬೇರೆ ಗುಂಪಿನವರು ಅದೇ ಕಟ್ಟಡದಲ್ಲಿ ಇರುತ್ತಾರೆಯೇ, ಹೊರಬಾಗಿಲು ಒಳಗಿನಿಂದ ಕೀಲಿ ಇಲ್ಲದೆ ತೆರೆಯುತ್ತದೆಯೇ, ಮೊಬೈಲ್ ಸಿಗ್ನಲ್ ಯಾವ ಮೂಲೆಯಲ್ಲಿ ಸಿಗುತ್ತದೆ, ಹತ್ತಿರದ ಆಸ್ಪತ್ರೆ ರಾತ್ರಿ ತೆರೆದಿರುತ್ತದೆಯೇ ಎಂಬುದಕ್ಕೆ ಅಲ್ಲಿಗೇ ಹೋಗಬೇಕು. ಅತಿ ಚಿಕ್ಕ ಹಾರ್ನೆಸ್ (ಹತ್ತುವಾಗ ಹಗ್ಗಕ್ಕೆ ಸಿಕ್ಕಿಸಲು ಮೈಗೆ ಕಟ್ಟುವ ಪಟ್ಟಿ) ಮತ್ತು ಹೆಲ್ಮೆಟ್ ತೆಗೆಸಿ ನೋಡುತ್ತೇನೆ. ಎಷ್ಟೋ ಕಡೆ ಸಲಕರಣೆ ದೊಡ್ಡವರ ಅಳತೆಯದೇ ಇರುತ್ತದೆ, ಒಂಬತ್ತು ವರ್ಷದ ತೆಳ್ಳಗಿನ ಮಗುವಿಗೆ ಸೊಂಟದಲ್ಲಿ ನಿಲ್ಲುವುದಿಲ್ಲ. ಬಸ್ಸು ವಾಪಸ್ಸು ಹೋಗುವುದಾದರೆ ಮೂರೂ ದಿನ ಒಂದು ಕಾರು ಚಾಲಕನ ಸಮೇತ ಅಲ್ಲೇ ಇರಲೇಬೇಕು.

ಪೋಷಕರ ಫಾರಂನಲ್ಲಿ "ಆರೋಗ್ಯದ ತೊಂದರೆ ಇದೆಯೇ?" ಎಂದು ಕೇಳಿದರೆ ಬಹುತೇಕ "ಇಲ್ಲ" ಎಂದೇ ಬರುತ್ತದೆ. ಪ್ರಶ್ನೆ ನಿರ್ದಿಷ್ಟವಾಗಿರಬೇಕು. ಕಳೆದ ಆರು ತಿಂಗಳಲ್ಲಿ ಇನ್‌ಹೇಲರ್ ಎಷ್ಟು ಸಲ ಬೇಕಾಯಿತು? ಬಸ್ಸಿನಲ್ಲಿ ವಾಂತಿ ಆಗುತ್ತದೆಯೇ? ನಿದ್ದೆಯಲ್ಲಿ ಎದ್ದು ನಡೆಯುವುದುಂಟೇ? ಈಗಲೂ ಕೆಲವು ರಾತ್ರಿ ಹಾಸಿಗೆ ಒದ್ದೆ ಆಗುತ್ತದೆಯೇ? ಏನಿಲ್ಲದೆ ನಿದ್ದೆ ಬರುವುದಿಲ್ಲ? ಕೊನೆಯ ಎರಡಕ್ಕೆ ಬರುವ ಉತ್ತರ ಒಬ್ಬ ಶಿಕ್ಷಕರಿಗೆ ಮಾತ್ರ ಗೊತ್ತಿರುತ್ತದೆ ಎಂದು ಫಾರಂನಲ್ಲೇ ಬರೆಯುತ್ತೇವೆ. ಹಾಗೆ ಬರೆದಾಗ ಅಮ್ಮಂದಿರು ನಿಜ ಹೇಳುತ್ತಾರೆ. ಹತ್ತು ವರ್ಷದ ಹುಡುಗಿಯರಲ್ಲಿ ಒಬ್ಬಿಬ್ಬರಿಗೆ ಮುಟ್ಟು ಶುರುವಾಗಿರಬಹುದು, ಅಥವಾ ಶಿಬಿರದಲ್ಲೇ ಮೊದಲ ಸಲ ಆಗಬಹುದು. ಪ್ಯಾಡ್ ಎಲ್ಲಿದೆ, ಯಾವ ಟೀಚರನ್ನು ಕೇಳಬೇಕು ಎಂಬುದನ್ನು ಹೊರಡುವ ಮೊದಲೇ ಎಲ್ಲ ಹುಡುಗಿಯರಿಗೂ ಒಟ್ಟಿಗೆ ಹೇಳಿಬಿಡುತ್ತೇವೆ.

ಔಷಧಿ ಅದರದೇ ಡಬ್ಬಿಯಲ್ಲಿ, ವೈದ್ಯರ ಚೀಟಿಯೊಂದಿಗೆ ಬರಬೇಕು. ಪ್ರತಿ ಮಗುವಿಗೂ ಹೆಸರು ಬರೆದ ಜಿಪ್ ಚೀಲ. "ಜ್ವರ ಬಂದರೆ 5 ಎಂಎಲ್ ಕೊಡಿ" ಎಂದು ಬರೆದುಕೊಟ್ಟರೆ ನಾನು ಒಪ್ಪುವುದಿಲ್ಲ. ಪ್ಯಾರಾಸಿಟಮಾಲ್ ಸಿರಪ್ಪು 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬಾಟಲಿ ಬದಲಾದರೆ ಅದೇ ಅಳತೆಗೆ ಪ್ರಮಾಣ ಇಮ್ಮಡಿ. ಮಿಲಿಗ್ರಾಂ ಬರೆಯಬೇಕು, ಆ ಬಾಟಲಿಯನ್ನೇ ಕಳಿಸಬೇಕು. ಕೊಟ್ಟ ಹೊತ್ತು, ಪ್ರಮಾಣ, ಇಬ್ಬರ ಸಹಿ ಪುಸ್ತಕದಲ್ಲಿ ಆಗಲೇ ದಾಖಲಾಗಬೇಕು. ಉಳಿದ ಔಷಧಿಗೆ ಬೀಗ ಹಾಕಬಹುದು. ಇನ್‌ಹೇಲರ್ ಮತ್ತು ತೀವ್ರ ಅಲರ್ಜಿ ಆದಾಗ ಚುಚ್ಚುವ ಅಡ್ರಿನಲಿನ್ ಪೆನ್ನು ಮಾತ್ರ ಆ ಮಗು ಇರುವ ಗುಂಪಿನ ಶಿಕ್ಷಕರ ಬೆನ್ನ ಚೀಲದಲ್ಲೇ ಇರಬೇಕು. ಕಚೇರಿಯ ಕಪಾಟಿನಲ್ಲಿ ಭದ್ರವಾಗಿರುವ ಇನ್‌ಹೇಲರ್ ಕೆರೆಯ ದಡದಲ್ಲಿ ಕೆಮ್ಮುವ ಮಗುವಿಗೆ ಉಪಯೋಗಕ್ಕಿಲ್ಲ. ಪೆನ್ನನ್ನು ಬಿಸಿಲಿಗೆ ನಿಂತ ಬಸ್ಸಿನಲ್ಲಿ ಬಿಡಬಾರದು, ಫ್ರಿಜ್ಜಿನಲ್ಲೂ ಇಡಬಾರದು.

ಎಣಿಕೆಯ ಬಗ್ಗೆ ನನಗೆ ಹಟವೇ ಇದೆ. 1ರಿಂದ 40ರವರೆಗೆ ಪ್ರತಿ ಮಗುವಿಗೂ ಒಂದು ಅಂಕಿ, ಮೂರು ದಿನವೂ ಅದೇ. ಮಕ್ಕಳು ಕೈ ಎತ್ತಿ ತಮ್ಮ ಅಂಕಿ ಕೂಗುತ್ತಾರೆ. ಎಷ್ಟು ಮಂದಿ ಇಲ್ಲ ಎಂಬುದಷ್ಟೇ ಅಲ್ಲ, ಯಾರಿಲ್ಲ ಎಂಬುದೂ ತಕ್ಷಣ ಗೊತ್ತಾಗುತ್ತದೆ. ಕೈ ಎತ್ತಬೇಕಾದ್ದು ಯಾಕೆಂದರೆ ಗೆಳೆಯನ ಅಂಕಿಯನ್ನು ಗೆಳೆಯ ಕೂಗಿಬಿಡುತ್ತಾನೆ. ಅದೇ ಹೊತ್ತಿಗೆ ಇಬ್ಬರು ದೊಡ್ಡವರು ಬೇರೆ ಬೇರೆ ನಿಂತು ತಲೆ ಎಣಿಸಿ, ಒಟ್ಟಿಗೆ ಸಂಖ್ಯೆ ಹೇಳುತ್ತಾರೆ. ಎಣಿಕೆ ತಪ್ಪುವುದು ಎರಡೇ ಕಡೆ. ಒಂದು, ಮಕ್ಕಳು ನಡೆಯುತ್ತಿರುವಾಗ ಎಣಿಸಿದರೆ. ಇನ್ನೊಂದು, ಯಾರೋ ಒಬ್ಬರು ಮಗುವನ್ನು ಶೌಚಾಲಯಕ್ಕೆ ಕರೆದೊಯ್ದು ಹೇಳದೇ ಹೋದರೆ. ಅದಕ್ಕೇ ಒಬ್ಬ ಮಗು ಗುಂಪು ಬಿಟ್ಟ ಕ್ಷಣ ಶಿಬಿರದ ಹೊಣೆ ಹೊತ್ತ ಶಿಕ್ಷಕರ ಎಣಿಕೆ ಕಾರ್ಡಿನಲ್ಲಿ "39+1" ಎಂದು ಬೀಳುತ್ತದೆ. ಪ್ರತಿ ಅವಧಿಯ ಮೊದಲು, ನಂತರ, ಬಸ್ಸಿನಲ್ಲಿ ಕೂತ ಮೇಲೆ, ದೀಪ ಆರಿಸುವಾಗ, ಎದ್ದ ಕೂಡಲೆ ಎಣಿಕೆ.

ನಾಲ್ಕು ಗುಂಪು, ಗುಂಪಿಗೆ ಹತ್ತು ಮಕ್ಕಳು, ಒಬ್ಬ ಶಿಕ್ಷಕರು. ಐದನೆಯವರು ಔಷಧಿ ಮತ್ತು ಪ್ರಥಮ ಚಿಕಿತ್ಸೆಗೆ. ಆರನೆಯವರಿಗೆ ಯಾವ ಗುಂಪೂ ಇಲ್ಲ. ಯಾರಾದರೂ ಆಸ್ಪತ್ರೆಗೆ ಹೋಗಬೇಕಾದರೆ ಆ ಜಾಗ ತುಂಬಲು ಒಬ್ಬರು ಖಾಲಿ ಇರಲೇಬೇಕು.

ಹಾರ್ನೆಸ್ ಕಟ್ಟುವುದು ತರಬೇತುದಾರರ ಕೆಲಸ, ಎರಡನೇ ಕಣ್ಣು ನಮ್ಮದು. ಸೊಂಟದ ಪಟ್ಟಿ ಸೊಂಟದ ಎಲುಬಿಗಿಂತ ಮೇಲೆ ಕೂರಬೇಕು. ಚಪ್ಪಟೆ ಅಂಗೈ ಒಳಗೆ ಹೋಗಬೇಕು, ಮುಷ್ಟಿ ಮಾಡಿದರೆ ಹೊರಗೆ ಬರಬಾರದು. ದಪ್ಪ ಜಾಕೆಟ್ಟಿನ ಮೇಲೆ ಬಿಗಿದ ಪಟ್ಟಿ ಬಿಗಿಯಾಗಿ ಕಂಡರೂ ಬಟ್ಟೆ ಕುಗ್ಗಿದಾಗ ಸಡಿಲವಾಗುತ್ತದೆ. ಹಾಗಾಗಿ ಜಾಕೆಟ್ ಎತ್ತಿ ಕಟ್ಟಬೇಕು. ಸಣ್ಣ ಮಕ್ಕಳಿಗೆ ಸೊಂಟದ ಆಕಾರವೇ ಬಂದಿರುವುದಿಲ್ಲ, ತಲೆಕೆಳಗಾದರೆ ಪಟ್ಟಿ ಜಾರಬಹುದು. ಅಂಥವರಿಗೆ ಎದೆ, ಭುಜವನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಇರಬೇಕು, ಜುಟ್ಟು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕಣ್ತಪ್ಪುವ ಒಂದು ಜಾಗ ಇದೆ: ನಡುವೆ ಶೌಚಾಲಯಕ್ಕೆ ಹೋಗಿಬಂದ ಮಗು. ಹಾರ್ನೆಸ್ ಬಿಚ್ಚಿ, ತಾನೇ ಹೇಗೋ ಹಾಕಿಕೊಂಡು, ಸರತಿಯಲ್ಲಿ ತನ್ನ ಜಾಗಕ್ಕೆ ಬಂದು ನಿಂತಿರುತ್ತದೆ. ಅದನ್ನು ಮತ್ತೆ ಮೊದಲಿನಿಂದ ನೋಡಬೇಕು. ಮಗು ಶೌಚಾಲಯಕ್ಕೆ ಹೋಗುವಾಗಲೇ ನಾನು ಅದರ ಹೆಲ್ಮೆಟ್ ಕಸಿದುಕೊಂಡು ಕೈಯಲ್ಲಿ ಇಟ್ಟುಕೊಂಡಿರುತ್ತೇನೆ. ವಾಪಸ್ ಕೇಳಲು ಬಂದಾಗ ಪರೀಕ್ಷೆ ತಾನಾಗಿ ಆಗುತ್ತದೆ.

ಹತ್ತಲು ಹೆದರುವ ಮಗು ಎಲ್ಲಿಯವರೆಗೆ ಹೋಗುತ್ತೇನೆ ಎಂದು ಕೆಳಗೇ ಬೆರಳು ತೋರಿಸಿ ಹೇಳಲಿ. ಅಲ್ಲಿಗೆ ಮುಟ್ಟಿದರೆ ಮುಗಿಯಿತು, ಇಳಿಸಬೇಕು. ಕೆಳಗಿನಿಂದ "ಇನ್ನೊಂದೇ ಹೆಜ್ಜೆ, ಇನ್ನೊಂದೇ" ಎಂದು ಕೂಗುವುದು ಪ್ರೀತಿಯಿಂದಲೇ ಇರಬಹುದು. ಆದರೆ ಆ ಮಗು ಮುಂದಿನ ಅವಧಿಯಲ್ಲಿ ಹಗ್ಗಕ್ಕೆ ಕೈಯನ್ನೇ ಹಚ್ಚುವುದಿಲ್ಲ.

ನೀರಿನ ಅವಧಿಯಲ್ಲಿ ಲೈಫ್ ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲೆತ್ತಿ ನೋಡುತ್ತೇವೆ. ಗಲ್ಲ, ಕಿವಿಯವರೆಗೆ ಏರಿದರೆ ಅಳತೆ ದೊಡ್ಡದು. ಹತ್ತಿ ಬಟ್ಟೆ ನೀರು ಹಿಡಿದು ಮೈ ತಣ್ಣಗೆ ಮಾಡುತ್ತದೆ, ಬೇಗ ಒಣಗುವ ಸಿಂಥೆಟಿಕ್ ಬಟ್ಟೆ ತರಲು ಹೇಳಿರುತ್ತೇವೆ. ಚಿಕ್ಕ ಮೈ ದೊಡ್ಡವರದಕ್ಕಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ನಡುಗುವ ಮಗು ಕಣ್ಣಿಗೆ ಬೀಳುತ್ತದೆ. ಮಾತು ನಿಲ್ಲಿಸಿ, ಬೆರಳು ಮರಗಟ್ಟಿ, ಬಕಲ್ ಬಿಚ್ಚಲಾಗದೆ ಮೂಲೆಯಲ್ಲಿ ನಿಂತ ಮಗು ಬೀಳುವುದಿಲ್ಲ. ಮೊದಲು ನೋಡಬೇಕಾದ್ದು ಅದನ್ನೇ. ವೇಳಾಪಟ್ಟಿ ಮಾಡುವಾಗಲೇ ನೀರಿನ ಅವಧಿ ಮುಗಿದ ತಕ್ಷಣ ಸ್ನಾನ, ಊಟ ಬರುವಂತೆ ಕೇಂದ್ರದವರಲ್ಲಿ ಕೇಳಿಕೊಳ್ಳುತ್ತೇನೆ. ನೀರಾದ ಮೇಲೆ ನಕ್ಷೆ ನಡಿಗೆ ಹಾಕಿದರೆ ಅರ್ಧ ಗುಂಪು ಒದ್ದೆ ಕಾಲುಚೀಲದಲ್ಲೇ ನಡೆದು ಬೊಕ್ಕೆ ತಂದುಕೊಳ್ಳುತ್ತದೆ. ಒದ್ದೆ ಶೂ ಒಳಗೆ ಹಳೆ ಪೇಪರ್ ಉಂಡೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗ್ಗೆಗೆ ಹಾಕುವ ಹಾಗಾಗುತ್ತದೆ.

ನಕ್ಷೆ ನಡಿಗೆಗೆ ಮೂವರ ತಂಡ, ಗುಂಪಿನಲ್ಲಿ ಉಳಿಯುವ ಒಬ್ಬರು ಸೇರಿ ಒಂದು ತಂಡಕ್ಕೆ ನಾಲ್ವರು. ಇಬ್ಬರಾದರೆ ಒಬ್ಬರಿಗೆ ಕಾಲು ಉಳುಕಿದಾಗ ಯಾರೋ ಒಬ್ಬರು ಒಂಟಿಯಾಗುತ್ತಾರೆ. ತಂಡಕ್ಕೊಂದು ಸೀಟಿ. ಬೆಟ್ಟದಲ್ಲಿ ಸಹಾಯ ಕೇಳುವ ಸಂಜ್ಞೆ ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು. ಹೊರಡುವ ಮೊದಲು ಒಮ್ಮೆ ಎಲ್ಲರೂ ಊದಿ ಆಸೆ ತೀರಿಸಿಕೊಳ್ಳಲಿ, ಆಮೇಲೆ ಆಟಕ್ಕೆ ಊದುವುದಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲರೂ ಕಟ್ಟಡದೊಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರೂ ಹೊರಗಿಲ್ಲ, ಬಿಸಿಲು ಬಂದಿದ್ದರೂ.

ರಾತ್ರಿಯದೇ ಬೇರೆ ಕೆಲಸ. ಮೊದಲ ಸಂಜೆಯೇ, ಕತ್ತಲಾಗುವ ಮೊದಲು, ಬೆಂಕಿಯ ಅಣಕು ಕಸರತ್ತು: ಕೋಣೆಯಿಂದ ಬರಿಗೈಲಿ ಹೊರಬಂದು ಅಂಕಿ ಕೂಗುವುದು. ಒಂಬತ್ತೂವರೆಗೆ ದೀಪ ಆರಿಸಿದರೂ ಮೊದಲ ರಾತ್ರಿ ಹನ್ನೊಂದರವರೆಗೆ ಗುಸುಗುಸು ಇದ್ದೇ ಇರುತ್ತದೆ. ಅದಕ್ಕೇ ಎರಡನೇ ದಿನ ಬೆಳಗಿನ ಮೊದಲ ಅವಧಿಗೆ ಎತ್ತರದ ಹಗ್ಗ ಬೇಡ ಎನ್ನುತ್ತೇನೆ. ಮನೆ ನೆನಪು ಉಕ್ಕುವುದು ಹಲ್ಲುಜ್ಜುವ ಹೊತ್ತಿನಿಂದ ನಿದ್ದೆ ಹತ್ತುವವರೆಗಿನ ಆ ಹೊತ್ತಿನಲ್ಲಿ. ಆಗ ಶಿಕ್ಷಕರು ಒಟ್ಟಿಗೆ ಕೂತು ಮರುದಿನದ ಯೋಜನೆ ಮಾಡಬಾರದು, ಕೋಣೆಯ ಬಾಗಿಲಲ್ಲಿರಬೇಕು. ಪೋಷಕರಿಗೆ ಮೊದಲೇ ಬೇಡಿಕೊಳ್ಳುವುದು ಒಂದೇ: "ಬೇಜಾರಾದರೆ ಹೇಳು, ಬಂದು ಕರೆದುಕೊಂಡು ಹೋಗುತ್ತೇನೆ" ಎಂದು ಮಾತು ಕೊಡಬೇಡಿ. ಆ ಮಾತು ಕೇಳಿದ ಮಗು ಇಡೀ ಸಂಜೆ ಅದನ್ನೇ ಕಾಯುತ್ತದೆ. ಫೋನಿನಲ್ಲಿ ಅಮ್ಮನ ದನಿ ಕೇಳಿದರೂ ಅಳು ಹೆಚ್ಚುತ್ತದೆ. ರಾತ್ರಿ ಒಂಬತ್ತಕ್ಕೆ ಎಲ್ಲ ಪೋಷಕರಿಗೂ ಒಂದೇ ಸಂದೇಶ ಹೋಗುತ್ತದೆ.

ಹಾಸಿಗೆ ಒದ್ದೆಯಾಗುವ ಮಗುವಿಗೆ ಬಾಗಿಲ ಹತ್ತಿರದ ಕೆಳಗಿನ ಮಂಚ. ಅದರ ಬ್ಯಾಗಿನಲ್ಲಿ ಇನ್ನೊಂದು ಹೊದಿಕೆ, ಪೈಜಾಮ, ಕಪ್ಪು ಪ್ಲಾಸ್ಟಿಕ್ ಚೀಲ. ಮಲಗುವ ಮೊದಲು ಎಲ್ಲರಿಗೂ ಶೌಚಾಲಯ ಕಡ್ಡಾಯ, ಹನ್ನೊಂದಕ್ಕೆ ಆ ಮಗುವನ್ನು ಸದ್ದಿಲ್ಲದೆ ಎಬ್ಬಿಸುತ್ತೇವೆ. ಆದರೂ ಒದ್ದೆಯಾದರೆ, ಎಲ್ಲರೂ ತಿಂಡಿಗೆ ಹೋದಾಗ ನಾವೇ ಬದಲಿಸುತ್ತೇವೆ. ಕೋಣೆಯ ಉಳಿದ ಮಕ್ಕಳಿಗೆ ಗೊತ್ತಾಗಬಾರದು, ಅಷ್ಟೇ. ರಾತ್ರಿ ಯಾವ ಕೋಣೆಗೆ ಹೋಗಬೇಕಾದರೂ ಇಬ್ಬರು ದೊಡ್ಡವರು, ಬಾಗಿಲು ತೆರೆದೇ ಇರಬೇಕು. ಮಲಗುವ ಕೋಣೆಯಲ್ಲಿ ಯಾರೂ ಫೋಟೊ ತೆಗೆಯುವಂತಿಲ್ಲ.

ಕೊನೆಯ ಬೆಳಗ್ಗೆ ಸಿಕ್ಕ ವಸ್ತುಗಳನ್ನೆಲ್ಲ ಅಂಗಳದಲ್ಲಿ ಹರಡಿ, ಒಂದೊಂದು ಗುಂಪನ್ನೂ ಅದರ ಮುಂದೆ ನಡೆಸುತ್ತೇವೆ. "ಇದು ಯಾರದು?" ಎಂದು ಕೇಳಿದರೆ ಯಾರದೂ ಅಲ್ಲ. ಆದ್ದರಿಂದ ಕಾಲುಚೀಲಕ್ಕೂ ಹೆಸರು ಇರಬೇಕು. ಬಸ್ಸು ಇಳಿದ ಮೇಲೆ ಪಟ್ಟಿಯಲ್ಲಿ ಹೆಸರಿರುವವರಿಗೇ ಮಗುವನ್ನು ಒಪ್ಪಿಸಿ ಗುರುತು ಹಾಕುತ್ತೇವೆ. ಔಷಧಿಯ ಚೀಲವನ್ನು ಮಗುವಿನ ಕೈಗೆ ಕೊಡದೆ ಅಪ್ಪನಿಗೋ ಅಮ್ಮನಿಗೋ ಕೊಡುತ್ತೇವೆ. ಮೊಣಕಾಲಿನ ತರಚು ಗಾಯ, ಒಂದು ರಾತ್ರಿಯ ಹೊಟ್ಟೆನೋವು, ಮುರಿದ ಕನ್ನಡಕ, ಏನಿದ್ದರೂ ಅಲ್ಲೇ ನಿಂತು ನಾವೇ ಹೇಳುತ್ತೇವೆ, ಮಗು ಮನೆಗೆ ಹೋಗಿ ಹೇಳುವ ಮೊದಲೇ.