ನೆಟೆ ಬಿದ್ದ ಹೊಲದಲ್ಲಿ ಚರಗ ಚೆಲ್ಲಿದ ವರ್ಷ

ದೇವರ ಮೇಲೆ ಭಾರ ಹಾಕು ಅಂತ ಹೇಳುವವರು ಬಹಳ ಮಂದಿ. ಹೇಗೆ ಹಾಕಬೇಕು ಅಂತ ಹೇಳುವವರು ಕಡಿಮೆ. ನಾನು ಹೇಗೆ ಹಾಕಿದೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಜೇವರ್ಗಿ ಕಡೆಯ ಎರೆ ಹೊಲ. ಮಳೆ ನಂಬಿದ ಬೇಸಾಯ. ಮುಂಗಾರಿಗೆ ತೊಗರಿ ಬಿತ್ತಿದರೆ ರಾಶಿ ಆಗುವುದು ಸಂಕ್ರಾಂತಿ ಆಸುಪಾಸಿಗೆ. ಅಲ್ಲಿವರೆಗೆ ಮನೆಯ ಯಾವ ಮಾತು ತೆಗೆದರೂ 'ತೊಗರಿ ಬರಲಿ' ಅಂತಲೇ ಮುಗಿಯುತ್ತದೆ. ಆ ವರ್ಷ ಮಗಳು ಎರಡನೇ ಪಿಯುಸಿ. ಮುಂದೆ ಕಲಬುರಗಿಯಲ್ಲಿ ನರ್ಸಿಂಗ್ ಓದಬೇಕು ಅಂತ ಅವಳ ಆಸೆ. ಫೀಸು, ಹಾಸ್ಟೆಲ್ಲು ಎಲ್ಲವನ್ನೂ ತೊಗರಿ ಲೆಕ್ಕದಲ್ಲೇ ಇಟ್ಟುಕೊಂಡಿದ್ದೆವು.

ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಿತ್ತು. ಮೊದಲು ಅಲ್ಲೊಂದು ಇಲ್ಲೊಂದು ಗಿಡ. ಮಣ್ಣು ಹಸಿ ಇದ್ದರೂ ನೀರು ಕಾಣದ ಹಾಗೆ ಜೋತು ಬೀಳುತ್ತಿತ್ತು. ನಮ್ಮ ಮನೆಯವರು ಒಂದು ಗಿಡ ಕಿತ್ತು ಕಾಂಡ ಸೀಳಿ ನನ್ನ ಮುಂದೆ ಹಿಡಿದರು. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಬಾಡಿದ ಗಿಡಕ್ಕೆ ಯಾವ ಔಷಧಿ ಹೊಡೆದರೂ ಉಪಯೋಗವಿಲ್ಲ. ಅರ್ಧಕ್ಕಿಂತ ಜಾಸ್ತಿ ಹೊಲ ಕಣ್ಣೆದುರೇ ಒಣಗಿತು.

ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡುವುದು ನನ್ನ ರೂಢಿ. ಆ ದಿನಗಳಲ್ಲಿ ಲಿಂಗ ಅಂಗೈ ಮೇಲಿಟ್ಟುಕೊಂಡರೆ ಮಂತ್ರ ಬಾಯಿಗೆ ಬರುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಅದನ್ನೇ ಹೇಳಿದೆ. 'ಯಪ್ಪಾ, ನೀ ಇದ್ದೂ ಹಿಂಗ್ಯಾಕ ಆಯ್ತು? ಪೋರಿಗಿ ನಾ ಏನ್ ಹೇಳ್ಲಿ?' ಅಳು ಬಂದರೆ ಅತ್ತೆ. ತಂದೆ ಮುಂದೆ ಅಲ್ಲದೆ ಇನ್ಯಾರ ಮುಂದೆ ಅಳಬೇಕು? ಮುನಿಸಿಕೊಂಡು ಪೂಜೆ ಬಿಟ್ಟಿದ್ದರೆ ನಮ್ಮಿಬ್ಬರ ನಡುವೆ ಮಾತೇ ನಿಂತುಹೋಗುತ್ತಿತ್ತು. ಮಾತು ನಿಲ್ಲಬಾರದು, ಅಷ್ಟೇ ನನ್ನ ಹಟ.

ಹರಕೆ ಹೊರು ಅಂತ ಓಣಿಯವರು ಹೇಳಿದರು. ಬೇರೆಯವರ ಹರಕೆಗೆ ನಾನು ಏನೂ ಅನ್ನುವುದಿಲ್ಲ. ನನಗೆ ಮಾತ್ರ 'ನೀ ಇದು ಕೊಟ್ಟರ ನಾ ಅದು ಕೊಡ್ತೀನಿ' ಅನ್ನಲು ಮನಸ್ಸಾಗಲಿಲ್ಲ. ಉಳಿದ ಗಿಡದಲ್ಲಿ ಕಾಯಿ ನಿಲ್ಲಿಸು ಅಂತ ಬೇಡಿದೆ. ನಿಲ್ಲದಿದ್ದರೂ ನಮ್ಮ ಕೈ ಬಿಡಬೇಡ ಅಂತ ಬೇಡಲು ಬಹಳ ದಿನ ಹಿಡಿಯಿತು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಭಾಗದಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುವ ಹಬ್ಬ. ಈ ಸಲ ಮನೆಯಲ್ಲೇ ಮಾಡೋಣ ಅಂದರು ನಮ್ಮ ಮನೆಯವರು. ಆ ಹೊಲ ನೋಡಲು ಅವರಿಗೆ ಆಗುತ್ತಿರಲಿಲ್ಲ. ಅತ್ತೆ ಒಪ್ಪಲಿಲ್ಲ. 'ಬೆಳಿ ಬಂದ ವರ್ಷಕ್ಕಷ್ಟೇ ಭೂಮ್ತಾಯಿ ಹಸೀತಾಳೇನು?' ಅಂದರು. ಸಜ್ಜೆ ರೊಟ್ಟಿ, ಕಾಳು ಪಲ್ಯ ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಹೋದೆವು. ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿದೆವು. ಆಮೇಲೆ ಒಣಗಿದ ಸಾಲುಗಳ ನಡುವೆ ನಡೆಯುತ್ತಾ ಚರಗ, ಅಂದರೆ ಭೂಮ್ತಾಯಿಯ ಎಡೆ, ಹೊಲದ ತುಂಬ ಚೆಲ್ಲಿದೆವು. ಕಾಲಿಗೆ ಗಿಡ ತಾಗಿದರೆ ಎಲೆ ಪುಡಿಯಾಗಿ ಉದುರುತ್ತಿತ್ತು. ನಮ್ಮ ಮನೆಯವರ ಕೈ ಮೊದಲು ಏಳಲೇ ಇಲ್ಲ. ನಾಲ್ಕು ಸಾಲು ದಾಟಿದ ಮೇಲೆ ಅವರೂ ಚೆಲ್ಲಿದರು. ನಾನು ಭಾರ ಹಾಕಿದ್ದು ಅವತ್ತು, ಅದೂ ಮಾತಿನಲ್ಲಲ್ಲ, ಕೈಯಿಂದ.

ದಾಸೋಹಕ್ಕೆ ಹೆಸರಾದ ಶರಣರು ಶರಣಬಸವೇಶ್ವರರು ನಮ್ಮ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯವರೇ. ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟು, ಕುಡಿಯಲು ನೀರೂ ಇಟ್ಟರು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. 1822ರಲ್ಲಿ ಲಿಂಗೈಕ್ಯರಾದರು, ಕಲಬುರಗಿಯ ದಾಸೋಹ ಇಂದಿಗೂ ನಡೆದಿದೆ. ಅವರು ಕೈಯಾರೆ ಕೊಟ್ಟರು, ನಮ್ಮದು ಕೈಬಿಟ್ಟು ಹೋಯಿತು. ಎರಡೂ ಒಂದೇ ಅಲ್ಲ. ಆದರೂ ಆ ವರ್ಷ ದಾಸೋಹಕ್ಕೆ ಕಳಿಸುವ ಜೋಳ ನಿಲ್ಲಿಸಲಿಲ್ಲ. ಚೀಲ ಸಣ್ಣದಾಯಿತು, ಅಷ್ಟೇ. ಕೊಡುವ ಕೈ ನಿಂತರೆ ಮನಸ್ಸು ಬರೀ ಹೋದದ್ದನ್ನೇ ಎಣಿಸುತ್ತಾ ಕೂರುತ್ತದೆ ಅನ್ನುವುದು ನನ್ನ ಅನುಭವ.

'ಎಲ್ಲಾ ಒಳ್ಳೇದಕ್ಕೇ' ಅಂದವರೂ ಇದ್ದರು. ಆ ಮಾತು ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಹೋದದ್ದು ನಷ್ಟವೇ. ನಷ್ಟ ಅಂತ ಒಪ್ಪಿಕೊಂಡೇ ನಾನು ದೇವರನ್ನು ನಂಬಿದೆ.

ನಂಬಿದೆ ಅಂತ ಸುಮ್ನೆ ಕೂರಲೂ ಇಲ್ಲ. ಈ ಶಿಲೀಂಧ್ರ ಹಳೆಯ ಕೂಳೆ, ಬೇರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೆ ಆ ಹೊಲಕ್ಕೆ ಜೋಳ ಹಾಕಿದೆವು. ಇನ್ನೊಂದು ಹೊಲಕ್ಕೆ ನೆಟೆ ತಡೆಯುವ ಟಿಎಸ್-3ಆರ್ ಅನ್ನುವ ತೊಗರಿ ತಳಿ ತಂದು, ಬೀಜಕ್ಕೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಅನ್ನುವ ಜೈವಿಕ ಔಷಧಿ ಹಚ್ಚಿ, ಕೂರಿಗೆಗೆ ವಿಭೂತಿ ಹಚ್ಚಿ ಬಿತ್ತಿದೆವು.

ಮಗಳಿಗೆ ನರ್ಸಿಂಗ್ ಸೀಟು ಕೊಡಿಸಲು ಆಗಲಿಲ್ಲ. ಈಗ ಜೇವರ್ಗಿಯಲ್ಲೇ ಬಿಎ ಓದುತ್ತಿದ್ದಾಳೆ. ಒಮ್ಮೊಮ್ಮೆ ಗೆಳತಿಯರ ಬಿಳಿ ಕೋಟಿನ ಫೋಟೋ ನೋಡಿ ಸಪ್ಪಗಾಗುತ್ತಾಳೆ. ಆಗ ನಾನು ಸಮಾಧಾನದ ಮಾತು ಹೇಳಲು ಹೋಗುವುದಿಲ್ಲ. 'ನಿನಗ ಅನಿಸಿದ್ದು ಅವನಿಗೇ ಹೇಳವ್ವಾ' ಅಂತ ಪಕ್ಕದಲ್ಲಿ ಕೂರಿಸಿಕೊಂಡು ಪೂಜೆ ಮಾಡುತ್ತೇನೆ.