ಹಳೇ ಕಮಾರೋಗೆ ಹೊಸ ವೈರಿಂಗ್ ಹಾಕುವುದು ಹೇಗೆ?

ಐವತ್ತು ವರ್ಷ ದಾಟಿದ ಕಾರಿನ ಎಂಜಿನ್ ಕೈಕೊಟ್ಟರೆ ಕಾರು ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ವೈರಿಂಗ್ ಕೈಕೊಟ್ಟರೆ ಕಾರೇ ಸುಟ್ಟು ಹೋಗಬಹುದು. ಆದರೂ ಹಳೇ ಅಮೆರಿಕನ್ ಕಾರು ಕೊಂಡವರು ಮೊದಲು ದುಡ್ಡು ಸುರಿಯುವುದು ಪೇಂಟಿಗೆ, ಆಮೇಲೆ ಚಕ್ರಕ್ಕೆ. ವೈರಿಂಗ್ ಸರದಿ ಬರುವುದು ಹೊಗೆ ಕಂಡ ಮೇಲೆ.

ಇಲ್ಲಿ ಉದಾಹರಣೆಗೆ 1969ರ ಷೆವ್ರೊಲೆ ಕಮಾರೋ ತೆಗೆದುಕೊಳ್ಳೋಣ. ಒಹಾಯೊದ ನಾರ್‌ವುಡ್ ಮತ್ತು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಗಳಲ್ಲಿ ಆ ಮಾದರಿಯ ಸುಮಾರು 2.4 ಲಕ್ಷ ಕಾರುಗಳು ತಯಾರಾದವು. ಹಾಗಾಗಿ ಇದಕ್ಕೆ ಇವತ್ತಿಗೂ ಬಿಡಿಭಾಗ ಸಿಗುತ್ತದೆ, ಪೂರ್ತಿ ವೈರಿಂಗ್ ಕಿಟ್ ಕೂಡ.

ಯಾವ ಕಿಟ್?

ಕಿಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಹಳೆಯದರ ತದ್ರೂಪು: ಅದೇ ಬಣ್ಣ, ಅದೇ ಗಾಜಿನ ಫ್ಯೂಸ್. ಕಾರನ್ನು ಪ್ರದರ್ಶನಕ್ಕೆ ಇಡುವವರಿಗೆ ಇದು ಸರಿ. ಎರಡನೆಯದು ಇದೇ ಕಾರಿನ ಅಳತೆಗೆ ಮಾಡಿದ, ಆದರೆ ಬ್ಲೇಡ್ ಫ್ಯೂಸ್ (ಈಗಿನ ಕಾರುಗಳ ಚಪ್ಪಟೆ ಫ್ಯೂಸ್) ಮತ್ತು ಹೆಚ್ಚು ಸರ್ಕ್ಯೂಟ್ ಇರುವ ಕಿಟ್. ಮೂರನೆಯದು ಯಾವ ಕಾರಿಗಾದರೂ ಆಗುವ ಸಾಮಾನ್ಯ ಕಿಟ್. ಅಮೆರಿಕನ್ ಆಟೋವೈರ್, ಪೇನ್‌ಲೆಸ್ ಪರ್ಫಾರ್ಮೆನ್ಸ್ ಈ ವ್ಯಾಪಾರದಲ್ಲಿ ದೊಡ್ಡ ಹೆಸರುಗಳು.

ಓಡಿಸುವ ಕಾರಾದರೆ ನನ್ನ ಮತ ಎರಡನೆಯದಕ್ಕೆ. ಸಾಮಾನ್ಯ ಕಿಟ್ ಅಗ್ಗ ನಿಜ. ಆದರೆ ಪ್ರತಿ ಕನೆಕ್ಟರನ್ನೂ ನೀವೇ ಹುಡುಕಿ ಹಾಕಬೇಕು. ಉಳಿದ ದುಡ್ಡು ಅಲ್ಲೇ ಖರ್ಚಾಗುತ್ತದೆ.

ಕೊಳ್ಳುವ ಮುಂಚೆ ಒಂದು ಪಟ್ಟಿ ಬರೆಯಿರಿ. ಎಸಿ ಇದೆಯಾ? ಎಲೆಕ್ಟ್ರಿಕ್ ಫ್ಯಾನ್ ಹಾಕ್ತೀರಾ? ಸಿಬಿ ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಹಳೇ ಸ್ವಿಚ್) ಇಗ್ನಿಷನ್ನೇ ಉಳಿಸಿಕೊಳ್ತೀರಾ, ಎಚ್‌ಇಐ (ಜನರಲ್ ಮೋಟರ್ಸ್ ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕ್ತೀರಾ? ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಷ್ಟು ಆಂಪ್? ಉತ್ತರ ಗೊತ್ತಿಲ್ಲದೆ ಕಿಟ್ ತರಿಸಿದರೆ ಅರ್ಧ ವೈರ್ ಸುಮ್ನೆ ಉಳಿಯುತ್ತದೆ, ಬೇಕಾದದ್ದು ಇರುವುದಿಲ್ಲ.

ಬಿಚ್ಚುವ ಮೊದಲು

ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಿರಿ. ಆಮೇಲೆ ಫೋಟೊ ತೆಗೆಯಿರಿ. ಜಾಸ್ತಿ ಆಯ್ತು ಅನ್ನಿಸುವಷ್ಟು ತೆಗೆಯಿರಿ. ಪ್ರತಿ ಕನೆಕ್ಟರಿಗೆ ಟೇಪ್ ಅಂಟಿಸಿ ಹೆಸರು ಬರೆಯಿರಿ. ಹಳೇ ವೈರಿಂಗನ್ನು ಆದಷ್ಟೂ ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ಕೆಲಸ ಮುಗಿಯುವ ತನಕ ಎಸೆಯಬೇಡಿ. ಹೊಸದನ್ನು ಪಕ್ಕದಲ್ಲಿ ಹಾಸಿ ಅಳತೆ ನೋಡಲು ಅದೇ ಬೇಕು.

ಕಮಾರೋದ ಫ್ಯೂಸ್ ಬಾಕ್ಸ್ ಚಾಲಕನ ಕಡೆ, ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿದೆ. ಬಾನೆಟ್ ಕಡೆಯಿಂದ ಬರುವ ವೈರುಗಳು ಅದರ ಬೆನ್ನಿಗೆ ಬಂದು ಸೇರುತ್ತವೆ. ನಡುವಿನ ಒಂದು ಬೋಲ್ಟ್ ಬಿಚ್ಚಿದರೆ ಆ ಕನೆಕ್ಟರ್ ಕಳಚುತ್ತದೆ. ಹಳೇ ಪ್ಲಾಸ್ಟಿಕ್ ಒಣಗಿರುತ್ತದೆ, ಎಳೆದಾಡಬೇಡಿ.

ವೈರ್ ಎಳೆಯುವುದು

ಹೊಸ ಫ್ಯೂಸ್ ಬಾಕ್ಸನ್ನು ಮೊದಲು ಕೂರಿಸಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ವೈರ್ ಹಾಸಿ. ಎಲ್ಲವೂ ಜಾಗಕ್ಕೆ ಬಂದ ಮೇಲೆಯೇ ಕತ್ತರಿ ಹಿಡಿಯಬೇಕು. ಜನರಲ್ ಮೋಟರ್ಸ್ ಬಣ್ಣಗಳು ಬಾಯಿಪಾಠ ಆದರೆ ಕೆಲಸ ಸಲೀಸು. ಕಂದು ಪಾರ್ಕಿಂಗ್ ದೀಪಕ್ಕೆ. ಹಳದಿ ಹಿಂದಿನ ಎಡ ಇಂಡಿಕೇಟರಿಗೆ, ಕಡು ಹಸಿರು ಹಿಂದಿನ ಬಲಕ್ಕೆ. ನೇರಳೆ ಸ್ಟಾರ್ಟರಿಗೆ, ಗುಲಾಬಿ ಇಗ್ನಿಷನ್ನಿಗೆ.

ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್ (ವೈರ್ ಉಜ್ಜದಂತೆ ತಡೆಯುವ ಬಳೆ) ಇರಲೇಬೇಕು. ಎಕ್ಸಾಸ್ಟ್ ಹತ್ತಿರ ವೈರ್ ಸುಳಿಯಬಾರದು. ವೈರಿನ ತುದಿಗೆ ಟರ್ಮಿನಲ್ ಒತ್ತಿ ಕೂರಿಸಲು, ಅಂದರೆ ಕ್ರಿಂಪ್ ಮಾಡಲು, ಸಾದಾ ಇಕ್ಕಳ ಸಾಲದು. ಸರಿಯಾದ ಬಾಯಿ ಇರುವ ರ‍್ಯಾಚೆಟ್ ಕ್ರಿಂಪಿಂಗ್ ಟೂಲ್ ಕೊಳ್ಳಿ. ಒತ್ತಿದ ಮೇಲೆ ವೈರ್ ಹಿಡಿದು ಜೋರಾಗಿ ಎಳೆದು ನೋಡಿ. ಕಳಚಿ ಬಂದರೆ ಒಳ್ಳೆಯದೇ ಆಯಿತು, ರಸ್ತೆಯಲ್ಲಿ ಕಳಚಲಿಲ್ಲ.

ಎಲ್ಲರೂ ಎಡವುವ ಜಾಗ: ಅರ್ಥಿಂಗ್

ಹೊಸ ವೈರಿಂಗ್ ಹಾಕಿದ ಮೇಲೂ ದೀಪ ಮಂಕು, ಇಂಡಿಕೇಟರ್ ಹಾಕಿದರೆ ಡ್ಯಾಶ್ ದೀಪ ಮಿನುಗುತ್ತದೆ ಅನ್ನುವ ದೂರು ತುಂಬ ಸಾಮಾನ್ಯ. ಇಂಥ ಹೊತ್ತಲ್ಲಿ ಕಿಟ್ ಬೈಯುವ ಮೊದಲು ಪೇಂಟ್ ನೋಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ. ಕಾರಿನ ಮೈಗೆ ಹೊಸದಾಗಿ ದಪ್ಪ ಪೇಂಟ್ ಹೊಡೆದಿರುತ್ತಾರೆ. ಕರೆಂಟ್ ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಬರಲು ದಾರಿಯೇ, ಅಂದರೆ ಅರ್ಥಿಂಗೇ, ಇರುವುದಿಲ್ಲ.

ಬ್ಯಾಟರಿಯಿಂದ ಎಂಜಿನ್‌ಗೆ ದಪ್ಪ ಕೇಬಲ್ ಕೊಡಿ. ಎಂಜಿನ್‌ನಿಂದ ಫೈರ್‌ವಾಲಿಗೆ ಒಂದು ಅರ್ಥಿಂಗ್ ಪಟ್ಟಿ, ಮುಂದಿನ ಫ್ರೇಮಿಗೆ ಇನ್ನೊಂದು. ಬೋಲ್ಟ್ ಕೂರುವ ಕಡೆ ಪೇಂಟ್ ಕೆರೆದು ತಗಡು ಹೊಳೆಯಬೇಕು. ಹಲ್ಲಿನ ವಾಷರ್ ಹಾಕಿ ಬಿಗಿಮಾಡಿ, ಮೇಲೆ ಗ್ರೀಸ್ ಸವರಿ. ಪೆಟ್ರೋಲ್ ಟ್ಯಾಂಕಿನ ಪುಟ್ಟ ಕಪ್ಪು ವೈರನ್ನು ಮರೆಯಬೇಡಿ. ಅದು ಬಿಟ್ಟಿದ್ದರೆ ಟ್ಯಾಂಕ್ ಖಾಲಿಯಿದ್ದರೂ ಪೆಟ್ರೋಲ್ ಮೀಟರಿನ ಮುಳ್ಳು ಫುಲ್ ದಾಟಿ ನಿಲ್ಲುತ್ತದೆ. ನಮ್ಮೂರಲ್ಲಿ ಹಳೇ ಅಂಬಾಸಿಡರ್ ಇಟ್ಟುಕೊಂಡವರಿಗೂ ಅರ್ಥಿಂಗ್ ಮಾತು ಅಷ್ಟೇ ಅನ್ವಯ.

ಇಗ್ನಿಷನ್ ಮತ್ತು ಚಾರ್ಜಿಂಗ್

ಹಳೇ ಕಾರಿನಲ್ಲಿ ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೆ ಹೋಗುವ ವೈರೇ ರೆಸಿಸ್ಟರ್. ಸಿಬಿ ಪಾಯಿಂಟ್ ಸುಡಬಾರದೆಂದು ವೋಲ್ಟೇಜ್ ತಗ್ಗಿಸುತ್ತಿತ್ತು. ಎಚ್‌ಇಐಗೆ ಪೂರ್ತಿ 12 ವೋಲ್ಟ್ ಬೇಕು, ಆ ವೈರ್ ಇರಬಾರದು. ಉಲ್ಟಾ ಕೂಡ ನೆನಪಿಡಿ. ಹೊಸ ಕಿಟ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ 12 ವೋಲ್ಟ್ ಬರುತ್ತದೆ. ಪಾಯಿಂಟ್ ಉಳಿಸಿಕೊಂಡವರು ಬೇರೆ ಬ್ಯಾಲಸ್ಟ್ ರೆಸಿಸ್ಟರ್ ಹಾಕಬೇಕು.

ಅಂದಿನ ಸಾದಾ ಆಲ್ಟರ್ನೇಟರ್ 37 ಆಂಪಿನದು. 100 ಆಂಪಿನದನ್ನು ತಂದು ಅದೇ ಹಳೇ ಸಣ್ಣ ಚಾರ್ಜಿಂಗ್ ವೈರಿಗೆ ಕೊಟ್ಟರೆ ಬಿಸಿಯಾಗುತ್ತದೆ. ದಪ್ಪ ವೈರ್ ಎಳೆದು, ಬ್ಯಾಟರಿ ಹತ್ತಿರ ಅದಕ್ಕೆ ತಕ್ಕ ಫ್ಯೂಸ್ ಹಾಕಿ. ಡ್ಯಾಶಿನ ಜೆನ್ (ಚಾರ್ಜಿಂಗ್ ಸೂಚಕ) ದೀಪ ಬರೀ ಅಲಂಕಾರ ಅಲ್ಲ. ಆಲ್ಟರ್ನೇಟರ್ ಚಾರ್ಜ್ ಶುರುಮಾಡಲು ಬೇಕಾದ ಸಣ್ಣ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಚಾರ್ಜಿಂಗೇ ನಿಲ್ಲಬಹುದು.

ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಹಾಕಿಬಿಡಿ, ಡಿಮ್‌ಗೊಂದು, ಬ್ರೈಟ್‌ಗೊಂದು. ಐವತ್ತು ವರ್ಷದ ಸ್ವಿಚ್ ಮೇಲೆ ಹೊರೆ ಯಾಕೆ?

ಕರೆಂಟ್ ಕೊಡುವ ದಿನ

ನೇರವಾಗಿ ಬ್ಯಾಟರಿ ಜೋಡಿಸಬೇಡಿ. ನೆಗೆಟಿವ್ ಟರ್ಮಿನಲ್ ಮತ್ತು ಕೇಬಲ್ ನಡುವೆ ಒಂದು ಹೆಡ್‌ಲೈಟ್ ಬಲ್ಬ್ ಇಡಿ. ಎಲ್ಲ ಸ್ವಿಚ್ ಆಫ್ ಇದ್ದು, ಬಾಗಿಲು ಮುಚ್ಚಿದ್ದೂ ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಫ್ಯೂಸ್‌ಗಳನ್ನೆಲ್ಲ ತೆಗೆದು, ಒಂದೊಂದೇ ಹಾಕುತ್ತ ಹೋಗಿ. ಬಲ್ಬ್ ಹೊತ್ತಿದ ಫ್ಯೂಸಿನ ದಾರಿಯಲ್ಲೇ ತಪ್ಪು ಇರುತ್ತದೆ.

ಬಲ್ಬ್ ತಣ್ಣಗಿದ್ದರೆ ಬ್ಯಾಟರಿ ಜೋಡಿಸಿ ಒಂದೊಂದೇ ದೀಪ ಪರೀಕ್ಷಿಸಿ. ಬ್ರೇಕ್ ದೀಪ ಹತ್ತದಿದ್ದರೆ ಬ್ರೇಕ್ ಸ್ವಿಚ್ ಒಂದನ್ನೇ ಅನುಮಾನಿಸಬೇಡಿ. ಈ ಕಾರಿನಲ್ಲಿ ಬ್ರೇಕಿಗೂ ಹಿಂದಿನ ಇಂಡಿಕೇಟರಿಗೂ ಒಂದೇ ಫಿಲಮೆಂಟ್. ಬ್ರೇಕಿನ ಬಿಳಿ ವೈರ್ ಸ್ಟೀರಿಂಗ್ ಕಾಲಮ್ಮಿನ ಇಂಡಿಕೇಟರ್ ಸ್ವಿಚ್ ಹಾದೇ ಹಿಂದೆ ಹೋಗುತ್ತದೆ. ಆ ಸ್ವಿಚ್ ಸವೆದಿದ್ದರೆ ಎರಡೂ ಕೆಡುತ್ತವೆ. ಬಲ್ಬ್‌ಗಳನ್ನು ಎಲ್‌ಇಡಿ ಮಾಡಿಸಿದ್ದರೆ ಇಂಡಿಕೇಟರ್ ಮಿನುಗಿಸುವ ಫ್ಲ್ಯಾಷರನ್ನೂ ಎಲೆಕ್ಟ್ರಾನಿಕ್ ಮಾಡಿಸಿ.

ಎಂಜಿನ್ ಚಾಲೂ ಮಾಡಿ ಬ್ಯಾಟರಿ ಮೇಲೆ ಮೀಟರ್ ಹಿಡಿಯಿರಿ. 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. ದೀಪ ಹಾಕಿ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆಯಿರಿ. 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಮತ್ತೆ ಪೇಂಟ್ ಕೆರೆಯುವ ಕೆಲಸ ಬಾಕಿ ಇದೆ. ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬಂದು, ಎಂಜಿನ್ ಆಫ್ ಮಾಡಿ, ಫ್ಯೂಸ್ ಬಾಕ್ಸ್ ಮತ್ತು ಚಾರ್ಜಿಂಗ್ ವೈರಿನ ತುದಿ ಮುಟ್ಟಿ ನೋಡಿ. ಕೈಗೆ ಬಿಸಿ ಹತ್ತಿದ ಕ್ರಿಂಪ್ ತೆಗೆದು ಹೊಸದು ಹಾಕಿ.